ಯಾವ ಮಾಲೆ, ಸ್ವಾಮಿ?

ಗದ್ವಾಲ
೧೦ ನವೆಂಬರ್ ೨೦೨೪

ರಾಜ್ಯಾ,

ನಗುವುದಿದ್ದರೆ ಪೂರಾ ಓದಿ ಆಮೇಲೆ ನಗು. ದಸರೆಗೆಂದು ಅಮರಮ್ಮತ್ತೆಯ ಮನೆಗೆ ಬಂದವನು ಇಲ್ಲೇ ಉಳಿದೆ. ಫೋನು ಅತ್ತೆಯ ಟ್ರಂಕಿನಲ್ಲಿದೆ, ಕೀಲಿ ಅತ್ತೆಯ ಸೆರಗಿನಲ್ಲಿದೆ. ಭೀಮಶಂಕರ ಸತ್ತನೋ ಇದ್ದಾನೋ ಎಂದು ನೀವೆಲ್ಲ ಬೈದಿರುತ್ತೀರಿ, ಬೈಯಿರಿ. ಫೋನು ಕೈಯಲ್ಲಿದ್ದರೆ ಸಂಜೆಯಾಗುತ್ತಲೇ ಎಂಕಪ್ಪ ‘ಎಲ್ಲಿ ಅದೀಲೇ?’ ಅನ್ನುತ್ತಾನೆ, ಹಿಂದಿನಿಂದ ನಿನ್ನ ನಗು ಕೇಳುತ್ತದೆ, ಮರುಗಳಿಗೆ ನಾನು ಮಕ್ತಲ್ ಬಸ್ಸಿನಲ್ಲಿರುತ್ತೇನೆ. ಅದಕ್ಕೇ ಕಾಗದ. ಹೊಳೆದಂಡೆಯ ಕನ್ನಡ ಶಾಲೆಯಲ್ಲಿ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದು ಈಗ ಉಪಯೋಗಕ್ಕೆ ಬಂತು. ಮಾತಾಡಿದ ಹಾಗೆ ಬರೆದರೆ ಬೆರಳಿಗೆ ಬೀಳುತ್ತಿತ್ತಲ್ಲ, ಆ ಹೆದರಿಕೆ ಇನ್ನೂ ಹೋಗಿಲ್ಲ.

ಇಲ್ಲಿ ಕುರುಮಯ್ಯನವರ ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕೆಲಸ. ಸುಟ್ಟ ಬೋರ್ ಮೋಟಾರು ಬಿಚ್ಚಿ, ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು. ಅಲ್ಲಿ ಮಾಡುತ್ತಿದ್ದುದೇ. ವಾರ್ನಿಷ್ ವಾಸನೆ ಬಂದಾಗ ಮಾತ್ರ ನಾಲಿಗೆ ಒಣಗುತ್ತದೆ.

ಹೇಳಬೇಕಾದ್ದು ಇಷ್ಟು: ನಾನು ಕುಡಿಯುವುದು ಬಿಟ್ಟೆ. ದಸರೆಯಲ್ಲಿ ಸ್ವಲ್ಪ ಜ್ವರ ಬಂದಿತ್ತು, ಮಲಗಿದ್ದೆ, ಎದ್ದೆ, ಬಿಟ್ಟೆ. ಸಂಜೆ ಹೊತ್ತು ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ನಮಗೆ ಹುಟ್ಟಿದ್ದಕ್ಕೂ ದಾವತ್, ಸತ್ತದ್ದಕ್ಕೂ ದಾವತ್. ಕುರಿ ಮಾರಿದ ಖುಷಿಗೆ ಒಂದು, ಮಾರದ ಬೇಜಾರಿಗೆ ಒಂದು. ಗ್ಲಾಸಿಲ್ಲದೆ ನಾನು ನೀನು ಕೂತು ಮಾತಾಡಿದ್ದು ಶಾಲೆಯಲ್ಲೇ ಕಡೆ ಅನಿಸುತ್ತದೆ. ಈ ಕಾಗದದಲ್ಲಿ ಮಾತಾಡೋಣ. ಬರಿ.

ಭೀಮ


ಮಕ್ತಲ್
೧೮ ನವೆಂಬರ್ ೨೦೨೪

ಎಲೇ ಭೀಮ್ಯಾ,

ಅಂಚೆಯವನು ನನ್ನ ಹೆಸರು ಕೂಗಿದ್ದೇ ತಡ, ಕೋರ್ಟಿನ ನೋಟಿಸು ಬಂತೆಂದು ಅವ್ವ ಎದೆ ಬಡಿದುಕೊಂಡಳು. ‘ಅನಂತಮ್ಮನ ಮಗನ್ನ ಪೊಲೀಸರು ಒಯ್ತಾರಂತ’ ಎಂದು ಓಣಿಯಲ್ಲಿ ಸುದ್ದಿ. ನನ್ನ ಮರ್ಯಾದೆ ಮೊದಲೇ ಅಷ್ಟಕ್ಕಷ್ಟೇ. ನೀನು ಅದನ್ನೂ ಕಳೆದೆ.

ನಿನ್ನ ಕಾಗದವನ್ನು ವೈನ್ಸ್ ಅಂಗಡಿಯ ಹಿಂದೆ ನಾವು ಕೂತು ಕುಡಿಯುವ ಪರ್ಮಿಟ್ ರೂಮಿನಲ್ಲಿ ಎಲ್ಲರ ಮುಂದೆ ಓದಿದೆ. ‘ಕುಡಿಯುವುದು ಬಿಟ್ಟೆ’ ಅನ್ನುವಲ್ಲಿಗೆ ಬಂದಾಗ ಎಂಕಪ್ಪ ಎಷ್ಟು ನಕ್ಕನೆಂದರೆ ಮೂಗಿನಲ್ಲಿ ನೀರು ಬಂತು. ಆಮೇಲೆ ನಮ್ಮ ಉರುಕುಂದಪ್ಪ, ಅವನಿಗೆ ಬುದ್ಧಿ ಇದೆ ನೋಡು, ‘ಯಾಕ ನಗ್ತೀರಲೇ, ಕಾರ್ತಿಕ ಐತಿ. ಮಾಲಿ ಹಾಕ್ಯಾನ’ ಅಂದ. ಎಲ್ಲರೂ ಗ್ಲಾಸು ಕೆಳಗಿಟ್ಟೆವು. ಹೌದಲ್ಲ! ನಮ್ಮ ಕಡೆ ಮನುಷ್ಯ ಕುಡಿಯುವುದು ಬಿಡುವುದು ಎರಡೇ ಸಲ. ಕೊರಳಿಗೆ ಮಾಲೆ ಬಿದ್ದಾಗ, ಇಲ್ಲ ಹೆಣಕ್ಕೆ ಹಾರ ಬಿದ್ದಾಗ.

ನನಗೆ ಹೇಳದೆ ಹೋಗಿ ಮಾಲೆ ಹಾಕಿಕೊಂಡೆಯಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಯಾವ ಮಾಲೆ? ಅಯ್ಯಪ್ಪನದೇ ಇರಬೇಕು. ಹಾಗಿದ್ದರೆ ಸಂಕ್ರಾಂತಿಗೆ ತೆಗೆಯುತ್ತೀ. ನಿನ್ನ ಹೆಸರಿಗೆ ಒಂದು ಟಗರು ಬಿಟ್ಟಿದ್ದೇನೆ. ಮಾಲೆ ಇಳಿದ ದಿನ ಕೃಷ್ಣೆಯ ದಂಡೆಯಲ್ಲಿ ದಾವತ್. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೇನು?

ಇಷ್ಟು ಹೊತ್ತು ಎಲೇ ಅಂದಿದ್ದಕ್ಕೆ ತಪ್ಪಾಯಿತು, ಸ್ವಾಮಿ. ಇನ್ನು ಅನ್ನುವುದಿಲ್ಲ.

ರಾಜಕುಮಾರ


ಗದ್ವಾಲ
೨೬ ನವೆಂಬರ್ ೨೦೨೪

ರಾಜ್ಯಾ,

ನೀನು ಅಂದುಕೊಂಡದ್ದೇ ಇರಲಿ. ಗುರುಸ್ವಾಮಿ ಯಾರು, ಎಲ್ಲಿ ಹಾಕಿಸಿಕೊಂಡೆ ಎಂದೆಲ್ಲ ಕೇಳಬೇಡ. ಟಗರನ್ನು ಮಾರಿಬಿಡು, ಸುಮ್ಮನೆ ಮೇವು ದಂಡ.

ನಿಮ್ಮ ಉರುಕುಂದಪ್ಪನ ಮಾತಿನಿಂದ ನನಗೆ ಉಪಕಾರವೇ ಆಯಿತು. ಹೋದ ಗುರುವಾರ ಮೋಟಾರು ಇಳಿಸಲು ಒಬ್ಬ ರೈತನ ಹೊಲಕ್ಕೆ ಹೋಗಿದ್ದೆವು. ನೀರು ಬಿತ್ತೆಂದು ಖುಷಿಯಲ್ಲಿ ಬಾಟ್ಲಿ ತೆಗೆದ. ‘ಒಲ್ಲೆ’ ಅಂದೆ. ‘ಯಾಕ, ನಮ್ಮ ಕೈಯಾಂದು ಕುಡಿಬಾರದೇನು?’ ಎಂದು ಆತನ ಮುಖ ಕೆಂಪಾಯಿತು. ‘ಮಾಲೆ ಹಾಕಬೇಕಂತೀನ್ರೀ’ ಅಂದೆ. ಆತ ಕೂತಲ್ಲಿಂದ ಎದ್ದು, ಬಾಟ್ಲಿ ಬೆನ್ನ ಹಿಂದೆ ಮುಚ್ಚಿಟ್ಟು, ‘ತಪ್ಪಾತು ಸ್ವಾಮಿ’ ಎಂದು ಕೈಮುಗಿದ. ಒಲ್ಲೆ ಅನ್ನುವ ನಮ್ಮ ಮಾತಿಗೆ ಬೆಲೆ ಇಲ್ಲ ನೋಡು, ದೇವರು ಒಲ್ಲೆ ಅಂದರೆ ಮಾತ್ರ ಇದೆ.

ಕಷ್ಟವೇನಿಲ್ಲ. ಒಂದು ಬೆಳಿಗ್ಗೆ ಬಿಟ್ಟರಾಯಿತು. ನಾನೇ ಬಿಟ್ಟೆನಲ್ಲ.

ಭೀಮ


ಮಕ್ತಲ್
೮ ಡಿಸೆಂಬರ್ ೨೦೨೪

ಸ್ವಾಮಿಗಳ ಪಾದಕ್ಕೆ,

ನಾರಾಯಣಪೇಟೆಯಲ್ಲಿ ಎಂಕಪ್ಪನ ತಮ್ಮನ ಮದುವೆ ಆಯಿತು. ನನ್ನ ಟ್ರಾಲಿ ಆಟೋದಲ್ಲಿ ಕುರಿಗಳ ಬದಲು ಬೀಗರನ್ನು ತುಂಬಿಕೊಂಡು ಹೋದೆ. ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಊಟದ ಹೊತ್ತಿಗೆ ‘ಭೀಮ್ಯಾ ಎಲ್ಲಿ?’ ಎಂದು ಎಲ್ಲರೂ ಕೇಳಿದರು. ‘ಸ್ವಾಮಿ ಆಗ್ಯಾನ’ ಅಂದೆ. ‘ಪುಣ್ಯವಂತ’ ಅಂದರು. ನಿನ್ನನ್ನು! ನೀನು ಉಟ್ಕೂರಿನ ಜಾತ್ರೆಯಲ್ಲಿ ಬಳೆಗಾರ್ತಿಯ ಬುಟ್ಟಿಯಲ್ಲಿ ಮಲಗಿದ್ದನ್ನು ಕಂಡವರೇ ಅಂದರಪ್ಪಾ.

ನನಗೆ ಅಲ್ಲಿ ಊಟ ಸೇರಲಿಲ್ಲ. ಖಾರ ಜಾಸ್ತಿಯಾಗಿ ವಾಂತಿ ಆಯಿತು. ಈಚೆಗೆ ಯಾರ ಮನೆಯಲ್ಲಿ ಉಂಡರೂ ಖಾರ ಜಾಸ್ತಿ. ಕಣ್ಣು ಹಳದಿಯಾಗಿದೆ ಅಂತ ಅವ್ವ ಅಳುತ್ತಾಳೆ. ‘ಭಂಡಾರ ಹಚ್ಚಿಕೊಂಡು ಹುಟ್ಟಿದ ಕುಲ ನಮ್ದು, ಕಣ್ಣಾಗೂ ಇರ್ತೈತಿ ಬಿಡು’ ಅಂದೆ. ನಗಲಿಲ್ಲ.

ಒಂದು ಮಾತು ಕೇಳುತ್ತೇನೆ ಸ್ವಾಮಿ. ಬೆಳಿಗ್ಗೆ ಎದ್ದು ಒಂದು ಗುಟುಕು ಹಾಕದಿದ್ದರೆ ನನಗೆ ಆಟೋದ ಕೀಲಿ ತೂತಿಗೆ ಹೋಗುವುದಿಲ್ಲ. ಕೈ ಡೊಳ್ಳು ಬಾರಿಸುತ್ತದೆ. ನಿನಗೆ ಬಿಟ್ಟಾಗ ಕೈ ನಡುಗಲಿಲ್ಲವೇ? ಏನು ಮಾಡಿದೆ? ಸುಮ್ಮನೆ ಕೇಳಿದೆ.

ರಾಜಕುಮಾರ


ಗದ್ವಾಲ
೧೬ ಡಿಸೆಂಬರ್ ೨೦೨೪

ರಾಜ್ಯಾ,

ಆಡಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಕೈ ನಡುಗಿತೇ ಅನ್ನುತ್ತೀ! ಎಂಕಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟಿರಬೇಕು. ವೈಂಡಿಂಗಿನವನಿಗೆ ಕೈ ನಡುಗುತ್ತದೆಯೇ ಎಂದು ಕೇಳುವುದು, ಕುರಿ ಕಾಯುವವನಿಗೆ ಎಣಿಸಲು ಬರುತ್ತದೆಯೇ ಎಂದು ಕೇಳಿದ ಹಾಗೆ. ಪರ್ಮಿಟ್ ರೂಮಿನಲ್ಲಿ ಓದಿ ನಗುವುದಾದರೆ ಇದನ್ನೂ ಓದು: ಜ್ವರ ಇತ್ತಲ್ಲ, ಸ್ವಲ್ಪ ನಡುಗಿತು. ನೀರು ಕುಡಿದೆ, ಹೋಯಿತು.

ಕುರುಮಯ್ಯನವರ ಮಗಳಿಗೆ ಸೀರೆ ಉಡಿಸುವ ಕಾರ್ಯಕ್ರಮ ಇತ್ತು. ಗಂಡಸರೆಲ್ಲ ಕುಡಿಯಲು ಹಿತ್ತಿಲಿಗೆ ಹೋದರು. ನಾನು ಹೆಂಗಸರ ನಡುವೆ ಕೂತೆ. ಒಬ್ಬಾಕೆ ಬಂದು ‘ಮಾಲೆ ಹಾಕ್ತೀರಂತಲ್ರೀ’ ಎಂದು ನನ್ನ ಕಾಲು ಮುಟ್ಟಿದಳು. ತಾಯಿಯಷ್ಟು ವಯಸ್ಸು ರಾಜ್ಯಾ. ನನಗೆ ಅಲ್ಲಿ ಕೂರಲಾಗಲಿಲ್ಲ. ಅವರ ಮನೆಯ ಮುಂದೆಯೇ ಇರುವ ಅಂಗಡಿಗೆ ಬಂದು ಬೀಗ ತೆಗೆದು, ಸುಟ್ಟ ಮೋಟಾರುಗಳ ಮಧ್ಯೆ ಕೂತು ಅತ್ತುಬಿಟ್ಟೆ. ಹಿತ್ತಿಲಿನಿಂದ ಅವರು ನಗುವುದು ಕೇಳುತ್ತಿತ್ತು. ಹೋಗಿ ಸೇರಿಕೊಳ್ಳಬೇಕೆಂದು ಎಷ್ಟು ಆಸೆಯಾಯಿತೆಂದರೆ ಬೀಗದ ಕೈ ಹಲ್ಲಿನಲ್ಲಿ ಕಚ್ಚಿದೆ.

ಕೋಪ ಮಾಡಿಕೊಳ್ಳಬೇಡ. ಬರಿ.

ಭೀಮ


ಮಕ್ತಲ್
೨೨ ಡಿಸೆಂಬರ್ ೨೦೨೪

ಸ್ವಾಮಿ,

ನಿನ್ನ ಕಾಗದ ಯಾರ ಮುಂದೆಯೂ ಓದಿಲ್ಲ. ಮೊದಲನೆಯದೊಂದನ್ನೇ ಓದಿದ್ದು, ಹಿಂದಿನದನ್ನೂ ಓದಿರಲಿಲ್ಲ. ಎಂಕಪ್ಪ ಹೇಳಿಕೊಟ್ಟದ್ದಲ್ಲ, ನಾನೇ ಕೇಳಿದ್ದು.

ನಾನೂ ಮಾಲೆ ಹಾಕುತ್ತೇನೆ. ನಕ್ಕೆಯಾ? ನಗು. ಉರುಕುಂದಪ್ಪ ಗುರುಸ್ವಾಮಿಯ ಹತ್ತಿರ ಮಾತಾಡಿದ್ದಾನೆ. ನಲವತ್ತೊಂದು ದಿನದ ಪೂರಾ ಮಂಡಲಕ್ಕೆ ಹೊತ್ತಿಲ್ಲ, ಅರ್ಧ ಮಂಡಲ ಸಾಕಂತೆ. ಮಂಗಳವಾರ ಬೆಳಿಗ್ಗೆ ತಣ್ಣೀರು ಸ್ನಾನ, ಕಪ್ಪು ಬಟ್ಟೆ, ಮಾಲೆ. ಅವತ್ತಿನಿಂದ ಒಂದು ಹನಿಯೂ ಇಲ್ಲ. ಬೆಳಗಿನ ಗುಟುಕೂ ಇಲ್ಲ. ಕೈ ನಡುಗಿದರೆ ನೀರು ಕುಡಿಯುತ್ತೇನೆ, ನೀನು ಹೇಳಿದ್ದೀಯಲ್ಲ.

ಅವ್ವನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದವಳು ತಿರುಗಿ, ‘ಖರೇನ ಅಂತೀಯೇನೋ ಮಗನ?’ ಅಂದಳು. ಅವಳು ನನ್ನ ಮುಖ ನೋಡಿ ಮಾತಾಡಿ ಎಷ್ಟು ಕಾಲ ಆಗಿತ್ತೋ. ಹೊಸ ಚಾಪೆ ತಂದಿದ್ದಾಳೆ, ನನ್ನ ಗಂಗಾಳ ಬೇರೆ ಇಟ್ಟಿದ್ದಾಳೆ.

ಸಂಕ್ರಾಂತಿಗೆ ಇಬ್ಬರೂ ಕೂಡಿ ತೆಗೆಯೋಣ. ದಾವತ್ ಬೇಡ ಅಂದರೆ ಬೇಡ ಬಿಡು. ನೀನು ಮಾಡಿದ್ದನ್ನು ನಾನು ಮಾಡಲಾರೆನೇ? ಎರಡನೇ ಕ್ಲಾಸಿನಿಂದ ನಿನ್ನ ಪಾಟಿ ನೋಡಿಯೇ ಬರೆದವನು ನಾನು.

ರಾಜಕುಮಾರ


ದೊಡ್ಡ ದವಾಖಾನೆಯ ವರಾಂಡ
೨೯ ಡಿಸೆಂಬರ್ ೨೦೨೪

ರಾಜ್ಯಾ,

ನಿನಗೆ ಎಚ್ಚರವಾದಾಗ ಕೊಡಲು ಇದನ್ನು ನಿಮ್ಮವ್ವನ ಕೈಯಲ್ಲಿ ಇಡುತ್ತೇನೆ. ನಾನು ಆಗ ಇರುವುದಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ.

ನನ್ನ ಕೊರಳಲ್ಲಿ ಯಾವ ಮಾಲೆಯೂ ಇರಲಿಲ್ಲ. ನೀವೇ ಹಾಕಿದಿರಿ, ನಾನು ತೆಗೆಯಲಿಲ್ಲ. ಜ್ವರ ಬಂತು ಅಂದದ್ದೂ ಸುಳ್ಳು. ಹಬ್ಬದಲ್ಲಿ ಅತ್ತೆಯ ಮನೆಯಲ್ಲಿ ಕುಡಿಯಬಾರದೆಂದು ಒಮ್ಮೆಲೇ ನಿಲ್ಲಿಸಿದೆ. ಮೊದಲು ಕೈ ನಡುಗಿತು, ಆಮೇಲೆ ಮೈ. ಆಮೇಲೆ ಹೊದಿಕೆಯ ತುಂಬ ತಾಮ್ರದ ತಂತಿ ಹರಿದಾಡುವುದು ಕಂಡಿತು. ಕಿತ್ತು ಕಿತ್ತು ಎಸೆಯುತ್ತಿದ್ದೆನಂತೆ. ಫಿಟ್ಸ್ ಬಂದು ಬಿದ್ದೆ. ದವಾಖಾನೆಯಲ್ಲಿ ಮಂಚಕ್ಕೆ ಕೈಕಾಲು ಕಟ್ಟಿ ಮಲಗಿಸಿದ್ದರು, ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತು, ಅತ್ತೆ ತೊಳೆದಳು. ಡಾಕ್ಟರು ಹೇಳಿದ್ದು ಒಂದೇ ಮಾತು: ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಬಾರದು, ದವಾಖಾನೆಗೆ ಬಂದು ಗುಳಿಗೆ ತೆಗೆದುಕೊಂಡು ಬಿಡಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ಇದನ್ನು ನಿನಗೆ ಬರೆಯಲು ನನಗೆ ನಾಚಿಕೆಯಾಯಿತು. ನೀನು ಕೇಳಿದೆ. ನಾನು ನೀರು ಕುಡಿ ಅಂದೆ.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಅತ್ತೆಯ ಫೋನಿನಿಂದ ಮಾಡಿದರೆ ನಿನ್ನದು ಬಂದ್. ಎಂಕಪ್ಪ ಎತ್ತಿದ. ಹಿಂದೆ ಡೊಳ್ಳು ಬಾರಿಸುತ್ತಿತ್ತು. ‘ಭೀಮ್ಯಾ, ಲಗೂನ ಬಾರಲೇ! ನಮ್ಮ ರಾಜ್ಯಾನ ಮೈಮ್ಯಾಗ ಬೀರಪ್ಪ ಬಂದಾನ!’ ಅಂದ.

ಬಂದು ನೋಡಿದರೆ ನಿಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ನೀನು ನಡುಗುತ್ತಿದ್ದೆ, ಕಪ್ಪು ಬಟ್ಟೆ ಬೆವರಿನಲ್ಲಿ ತೊಯ್ದಿತ್ತು, ಹಣೆ ಎದೆಯೆಲ್ಲ ಭಂಡಾರ. ಗೋಡೆ ತೋರಿಸಿ ಕೂಗುತ್ತಿದ್ದೆ: ‘ಕರಿ ಕುರಿ ಗ್ವಾಡಿ ಏರಾಕತ್ತೈತಿ, ತಿರುವ್ರೀ! ಮರಿ ಬಿದ್ದೈತಿ ನೋಡ್ರೀ!’ ಜನ ಕೈಮುಗಿದು ಕೇಳುತ್ತಿದ್ದರು: ‘ಯಾವ ದಿಕ್ಕಿಗಪ್ಪಾ? ಈ ಸಲ ಮಳಿ ಹೆಂಗೈತಿ ನಮ್ಮಪ್ಪಾ?’ ಕುರಿ ಕಾಯುವ ದೇವರು ಕುರಿಯ ಮಾತಾಡದೆ ಇನ್ನೇನು ಆಡುತ್ತಾನೆ ಎಂದು ಉರುಕುಂದಪ್ಪ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದ. ನಿಮ್ಮವ್ವ ನಿನ್ನ ಪಾದ ಹಿಡಿದು ಕೂತಿದ್ದಳು.

ನಾನು ಒದರಿದೆ: ‘ಇದು ದೇವರಲ್ಲವ್ವಾ! ಕುಡಿಯೋದು ಬಿಟ್ಟಿದ್ದಕ್ಕ ಬಂದ ಬ್ಯಾನಿ. ನನಗೂ ಬಂದಿತ್ತು, ನಾ ಮಾಲಿ ಹಾಕೇ ಇಲ್ಲ!’ ಒಬ್ಬ ಹಿರಿಯರು ನನ್ನ ಕೆನ್ನೆಗೆ ಹೊಡೆದು, ‘ದೇವರಿಗೆ ಬ್ಯಾನಿ ಅಂತೀಯೇನಲೇ?’ ಅಂದರು. ಅಷ್ಟರಲ್ಲಿ ನೀನು ಬಿದ್ದೆ. ಬಾಯಲ್ಲಿ ನೊರೆ, ಕಣ್ಣು ಮೇಲೆ. ಡೊಳ್ಳು ನಿಂತಿತು. ಮುಂದೆ ಇದ್ದವರೆಲ್ಲ ಹಿಂದೆ ಸರಿದರು. ನಿನ್ನ ಟ್ರಾಲಿ ಆಟೋದಲ್ಲೇ, ಕುರಿ ತುಂಬುವಲ್ಲಿ ನಿನ್ನನ್ನು ಮಲಗಿಸಿ ತಂದೆವು.

ಈಗ ಉಸಿರು ಸರಿ ಇದೆ. ಜೀವಕ್ಕೆ ಭಯವಿಲ್ಲ ಅಂದಿದ್ದಾರೆ. ಲಿವರಿನ ವಿಷಯ ನಿನಗೇ ಹೇಳುತ್ತಾರೆ.

ನಾನು ಯಾಕೆ ಹೋಗುತ್ತಿದ್ದೇನೆ ಅಂದರೆ, ಎಂಕಪ್ಪ ಬೇವಿನ ಗಿಡದ ಕೆಳಗೆ ನೀರಿನ ಬಾಟ್ಲಿಯಲ್ಲಿ ಕಲಸಿಕೊಂಡು ಕೂತಿದ್ದಾನೆ. ‘ಟೆನ್ಷನ್ ಆಗೈತಿ, ಒಂದ ಗುಟುಕು ಹಾಕ್ಕೋ’ ಅಂದ. ಒಲ್ಲೆ ಅಂದೆ. ‘ಮಾಲಿ ಇಲ್ಲಂತ ನೀನ ಒದರಿದೆಲ್ಲ. ಮತ್ತೇನಲೇ ನಿನಗ?’ ಅಂದ. ನನ್ನ ಕೈ ಮುಂದೆ ಹೋಯಿತು ರಾಜ್ಯಾ. ಬಾಟ್ಲಿ ಹಿಡಿದಿದ್ದೆ. ನರ್ಸ್ ‘ರಾಜಕುಮಾರ್ ಕಡೆಯವರು ಯಾರು?’ ಎಂದು ಕೂಗಿದಳೆಂದು ಉಳಿದೆ. ಇಲ್ಲೇ ಇದ್ದರೆ ಸಂಜೆಯೊಳಗೆ ಕುಡಿಯುತ್ತೇನೆ. ಅದಕ್ಕೇ ಹೋಗುತ್ತಿದ್ದೇನೆ. ನಿನ್ನನ್ನು ಮಲಗಿಸಿ ಓಡಿಹೋದ ಅನ್ನು, ಅದೇ ನಿಜ.

ಗುಳಿಗೆ ತಪ್ಪಿಸಬೇಡ.

ಭೀಮ


ಗದ್ವಾಲ
೧೮ ಜನವರಿ ೨೦೨೫

ರಾಜ್ಯಾ,

ಸಂಕ್ರಾಂತಿಯ ದಿನ ನಿನ್ನಿಂದ ಕಾಗದ ಬರುತ್ತದೆಂದು ಸುಮ್ಮನೆ ಅಂದುಕೊಂಡಿದ್ದೆ. ನೀನು ದವಾಖಾನೆಯಿಂದ ಮನೆಗೆ ಬಂದೆ ಎಂದು ಮಾತ್ರ ಎಂಕಪ್ಪನಿಂದ ತಿಳಿಯಿತು. ಗುಳಿಗೆ ತೆಗೆದುಕೊಳ್ಳುತ್ತಿದ್ದೀಯಾ? ಬೈದಾದರೂ ಎರಡು ಸಾಲು ಬರಿ.

ಭೀಮ


ಮಕ್ತಲ್
೯ ಫೆಬ್ರವರಿ ೨೦೨೫

ಭೀಮಶಂಕರನಿಗೆ,

ಬೈಯಬೇಕೆಂದೇ ಕೂತೆ. ಬೈಗುಳ ಬರಲಿಲ್ಲ.

ಅವತ್ತಿನದು ನನಗೆ ಏನೂ ನೆನಪಿಲ್ಲ. ಎಲ್ಲ ಅವರಿವರು ಹೇಳಿದ್ದು. ಪಕ್ಕದ ನಾರ್ವ ಊರಿನಿಂದಲೂ ಜನ ಬಂದಿದ್ದರಂತೆ. ಮಕ್ಕಳಿಲ್ಲದ ಒಬ್ಬಾಕೆ ನನ್ನ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಹೋದಳಂತೆ. ನನ್ನ ಕೈಯಿಂದ! ಅವ್ವ ನನ್ನ ಕಾಲು ಹಿಡಿದು ‘ನನ್ನ ಹೊಟ್ಯಾಗ ಹುಟ್ಟಿದೆಲ್ಲಪ್ಪಾ’ ಎಂದಳಂತೆ. ಇಪ್ಪತ್ತೇಳು ವರ್ಷದಲ್ಲಿ ಒಂದೇ ಒಂದು ಸಲ ನಾನು ಯಾರಿಗೋ ದೇವರಾಗಿದ್ದೆ. ನೀನು ಬಂದು ಅದನ್ನು ಫಿಟ್ಸ್ ಮಾಡಿದೆ.

ನೀನು ಬರದಿದ್ದರೆ ಸಾಯುತ್ತಿದ್ದೆ ಅಂತ ಡಾಕ್ಟರು ಹೇಳಿದರು. ಗೊತ್ತು. ಸತ್ತಿದ್ದರೆ ಬೀರಪ್ಪ ಕರೆದುಕೊಂಡ ಅನ್ನುತ್ತಿದ್ದರು, ಒಂದು ಕಲ್ಲಾದರೂ ನಿಲ್ಲಿಸುತ್ತಿದ್ದರು. ಈಗ ಅಂಗಡಿಯ ಮುಂದೆ ಹೋದರೆ ಹುಡುಗರು ‘ಕರಿ ಕುರಿ ಬಂತ್ರಲೇ’ ಅನ್ನುತ್ತಾರೆ. ಅವ್ವ ಮತ್ತೆ ಒಲೆಯ ಕಡೆ ಮುಖ ಮಾಡಿ ಮಾತಾಡುತ್ತಾಳೆ.

ಗುಳಿಗೆ ತೆಗೆದುಕೊಂಡೆ. ಸಂಕ್ರಾಂತಿಯ ತನಕ ಮುಟ್ಟಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ದವಾಖಾನೆಯಲ್ಲಿ ಮಾಲೆ ಕತ್ತರಿಸಿ ತೆಗೆದಿದ್ದರಲ್ಲ, ಕೊರಳು ಬರಿದು. ಕುರಿ ವ್ಯಾಪಾರ ಮುಗಿದಾಗ ಗ್ಲಾಸು ಮುಂದೆ ಬರುತ್ತದೆ. ‘ಡಾಕ್ಟರು ಬ್ಯಾಡಂದಾರ’ ಅಂದರೆ ‘ಡಾಕ್ಟರು ಕುಡಿಯಂಗಿಲ್ಲೇನು?’ ಅನ್ನುತ್ತಾರೆ. ನನಗೆ ನಿನ್ನ ಹಾಗೆ ಬರೀ ಒಲ್ಲೆ ಅನ್ನಲು ಬರುವುದಿಲ್ಲ ಭೀಮಾ. ಅದು ನನ್ನ ಬಾಯಿಂದ ಹೊರಡುವುದೇ ಇಲ್ಲ. ಕುಡಿದೆ. ಈಗ ಮೊದಲಿನ ಹಾಗೆಯೇ. ಹೊಟ್ಟೆ ಸ್ವಲ್ಪ ಉಬ್ಬಿದೆ, ಕಾಲಿಗೆ ಚಪ್ಪಲಿ ಹಿಡಿಸುವುದಿಲ್ಲ.

ಇದನ್ನೆಲ್ಲ ಓದಿ ನೀನು ಬಸ್ ಹತ್ತುತ್ತೀ, ಗೊತ್ತು. ಹತ್ತಬೇಡ. ನೀನು ಎದುರಿಗೆ ಬಂದು ಕೂತರೆ ನನಗೆ ಖುಷಿಯಾಗುತ್ತದೆ. ಖುಷಿಯಾದರೆ ನಾನು ಏನು ಮಾಡುತ್ತೇನೆ? ಇನ್ನೊಂದು ಗ್ಲಾಸು ತರಿಸುತ್ತೇನೆ. ನೀನು ಒಲ್ಲೆ ಅಂದರೆ ನಿನ್ನ ತಲೆ ನೇವರಿಸಿ, ಅತ್ತು, ನನ್ನ ಆಣೆ ಹಾಕಿ ಕುಡಿಸುತ್ತೇನೆ. ನನ್ನ ಬಗ್ಗೆ ನನಗೆ ಚೆನ್ನಾಗಿ ಗೊತ್ತು. ಸಾಯುವ ಗೆಳೆಯ ಕೊಟ್ಟದ್ದನ್ನು ನೀನೂ ತಳ್ಳುವವನಲ್ಲ.

ನೀನು ಬರಬೇಡ. ನನ್ನ ಸುದ್ದಿ ಏನೇ ಬಂದರೂ ಬರಬೇಡ. ಮಣ್ಣಿಗೂ ಬರಬೇಡ. ಅಲ್ಲೂ ಬಾಟ್ಲಿ ಇರುತ್ತದೆ.

ರಾಜ್ಯಾ


ಗದ್ವಾಲ
೧೭ ಫೆಬ್ರವರಿ ೨೦೨೫

ರಾಜ್ಯಾ,

ಕಾಗದ ಓದಿ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಹೋದೆ. ಮಕ್ತಲ್ ಬಸ್ಸು ನಿಂತಿತ್ತು, ಹತ್ತಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರು ಬಂದು ತೆಲುಗಿನಲ್ಲಿ ‘ಎಕ್ಕಡಿಕಿ?’ ಅಂದ. ಎಲ್ಲಿಗೆಂದು ಏನು ಹೇಳಲಿ? ನಿನ್ನನ್ನು ನೋಡಲು ಹೊರಟಿದ್ದೇನೋ, ನಿನ್ನ ಮುಂದಿನ ಗ್ಲಾಸಿಗೆ ಹೊರಟಿದ್ದೇನೋ ನನಗೇ ಗೊತ್ತಾಗಲಿಲ್ಲ. ಬಾಯಲ್ಲಿ ನೀರೂರಿತ್ತು. ನಿನ್ನ ಉಬ್ಬಿದ ಹೊಟ್ಟೆಯ ಸುದ್ದಿ ಓದಿ ಬಂದವನ ಬಾಯಲ್ಲಿ ನೀರು! ಇಳಿದುಬಿಟ್ಟೆ.

ನಿಮ್ಮವ್ವನಿಗೆ ಫೋನ್ ಮಾಡಿ, ನಿನ್ನನ್ನು ಮತ್ತೆ ದವಾಖಾನೆಗೆ ಕರೆದೊಯ್ಯಿರಿ ಎಂದು ಕೈಮುಗಿದು ಹೇಳಿದೆ. ‘ನೀನ ಬಂದು ಕರಕೊಂಡು ಹೋಗಪ್ಪಾ, ನಿನ್ನ ಮಾತು ಕೇಳ್ತಾನ’ ಅಂದಳು. ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟೆ.

ನೀನು ಬದುಕಬೇಕೆಂದು ನನಗೆ ಆಸೆ ಇದೆ, ಆಣೆ ಮಾಡಿ ಹೇಳುತ್ತೇನೆ. ನಾನು ಬದುಕಬೇಕೆಂಬ ಆಸೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚಿದೆ. ಇದು ಇವತ್ತು ಗೊತ್ತಾಯಿತು, ಗೊತ್ತಾಗದಿದ್ದರೆ ಚೆನ್ನಾಗಿತ್ತು.

ನಾನು ಬರುವುದಿಲ್ಲ.

ಭೀಮ